ಮಲೆನಾಡಿನ ತೋಟಗಳ ವಿಜ್ಞಾನಿ ಡಾ|| ಲೆಸ್ಲಿ ಸಿ. ಕೋಲ್‌ಮನ್ (1878-1954)

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಪಶ್ಚಿಮ ಘಟ್ಟದ ಮಡಿಲಿನಲ್ಲಿರುವ ಮಲೆನಾಡಿನ ತಾಲ್ಲೂಕುಗಳಾಗಿವೆ. ತುಂಗಾ ಮತ್ತು ಭದ್ರಾ ನದಿಗಳು ಹರಿಯುವ ಈ ಪ್ರದೇಶದ ರೈತರ ಜೀವನಾಧಾರ ಅಡಿಕೆ, ಕಾಫಿ, ಕಾಳುಮೆಣಸು, ಏಲಕ್ಕಿ ಹಾಗೂ ಭತ್ತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಮಳೆಯೇ ಈ ನಾಡಿನ ಸಂಪತ್ತು. ತೋಟದ ಬೆಳೆಗಳಿಗೆ ರೋಗವನ್ನು ತರುವುದೂ ಅದೇ ಮಳೆ. ಪ್ರತಿ ವರ್ಷ ಮುಂಗಾರು ಆರಂಭವಾಗುವ ಮುನ್ನ ಇಲ್ಲಿನ ಅಡಿಕೆ ತೋಟಗಳಲ್ಲಿ ಮೈಲುತುತ್ತು ಮತ್ತು ಸುಣ್ಣವನ್ನು ಬೆರೆಸಿ ತಯಾರಿಸಿದ ತಿಳಿನೀಲಿ ಬಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸಲಾಗುತ್ತದೆ. ಈ ಪದ್ಧತಿಯನ್ನು ನೂರು ವರ್ಷಗಳಿಗೂ ಹಿಂದೆ ಮೈಸೂರು ಸಂಸ್ಥಾನದ ಅಡಿಕೆ ಬೆಳೆಗಾರರಿಗೆ ರೂಪಿಸಿಕೊಟ್ಟವರು ಡಾ|| ಲೆಸ್ಲಿ ಚಾರ್ಲ್ಸ್ ಕೋಲ್‌ಮನ್‌ರವರು.

ಕೆನಡಾ ದೇಶದಲ್ಲಿ ಜನಿಸಿ, ಸುಮಾರು ಇಪ್ಪತ್ತೈದು ವರ್ಷಗಳ ಕಾಲ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಇವರು ಶಿಲೀಂಧ್ರಶಾಸ್ತ್ರ, ಕೀಟಶಾಸ್ತ್ರ, ಸಸ್ಯರೋಗಶಾಸ್ತ್ರ, ತಳಿ ಅಭಿವೃದ್ಧಿ ಹಾಗೂ ಕೃಷಿ ಶಿಕ್ಷಣ ಈ ಎಲ್ಲಾ ಕ್ಷೇತ್ರಗಳಲ್ಲಿ ಕೆಲಸ ಮಾಡಿದರು. ಸಂಸ್ಥಾನದ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರೂ ಇವರೇ. ಅಡಿಕೆ, ಕಾಫಿ, ಶ್ರೀಗಂಧ, ರಾಗಿ, ಜೋಳ, ಕಬ್ಬು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಬೆಳೆಗಳ ಸಂಶೋಧನೆಯನ್ನು ಅಲ್ಪ ಸಂಪನ್ಮೂಲದ ಒಂದು ಸಂಸ್ಥಾನದಲ್ಲಿ ಹೇಗೆ ಕೈಗೊಳ್ಳಬಹುದು ಎಂಬುದಕ್ಕೆ ಇವರ ಜೀವನವು ಉತ್ತಮ ನಿದರ್ಶನವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್‌ಮನ್‌ರವರು 1878ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಜೀವವಿಜ್ಞಾನವನ್ನು ಅಭ್ಯಾಸ ಮಾಡಿ ಪದವಿ ಪಡೆದ ನಂತರ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ತೆರಳಿ ಡಾಕ್ಟರೇಟ್ ಗಳಿಸಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕವನ್ನು ಸಸ್ಯಗಳಿಗೆ ದಕ್ಕುವ ನೈಟ್ರೇಟ್ ರೂಪಕ್ಕೆ ಹೇಗೆ ಪರಿವರ್ತಿಸುತ್ತವೆ ಎಂಬುದು ಅವರ ಸಂಶೋಧನೆಯ ವಿಷಯವಾಗಿತ್ತು. ಈ ಪ್ರಬಂಧವು 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು.

ಅಂದಿನ ಮೈಸೂರು ಸಂಸ್ಥಾನದ ಪರಿಸ್ಥಿತಿ

ಕೋಲ್‌ಮನ್‌ರವರು ಹುಟ್ಟಿದ ವರ್ಷವೇ ಮೈಸೂರು ಸಂಸ್ಥಾನವು ಭೀಕರ ಕ್ಷಾಮದಿಂದ ಚೇತರಿಸಿಕೊಳ್ಳುತ್ತಿತ್ತು. ಧಾತು-ಈಶ್ವರ ಸಂವತ್ಸರಗಳ ಬರವೆಂದು ಜನ ಕರೆಯುವ 1876-78ರ ಈ ಕ್ಷಾಮದ ಪರಿಣಾಮವನ್ನು ಜನಗಣತಿಯ ಅಂಕಿ ಅಂಶಗಳು ತಿಳಿಸುತ್ತವೆ. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೃಷಿಯನ್ನು ಮಳೆಯ ಕೃಪೆಗೆ ಮಾತ್ರ ಬಿಡದೆ ವೈಜ್ಞಾನಿಕವಾಗಿ ಸುಧಾರಿಸಬೇಕೆಂಬ ಅಭಿಪ್ರಾಯವು ಕ್ಷಾಮದ ನಂತರದ ವರ್ಷಗಳಲ್ಲಿ ಬಲಗೊಂಡಿತು.

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಗಳಿಗಾಗಿ ನೀಡಿದರು. ಕೆನಡಾದಿಂದ ಬಂದ ರಸಾಯನಶಾಸ್ತ್ರಜ್ಞ ಡಾ|| ಅಡಾಲ್ಫ್ ಲೆಹ್‌ಮನ್‌ರವರು ಅಲ್ಲಿ ಮಣ್ಣು ಮತ್ತು ಗೊಬ್ಬರಗಳ ಬಗ್ಗೆ ಪ್ರಯೋಗಗಳನ್ನು ಆರಂಭಿಸಿದರು. ಆದರೆ ಬೆಳೆಗಳಿಗೆ ಬರುವ ರೋಗಗಳು ಮತ್ತು ಕೀಟಗಳ ಬಗ್ಗೆ ಅಧ್ಯಯನ ಮಾಡುವ ಪ್ರತ್ಯೇಕ ತಜ್ಞರ ಕೊರತೆ ಇತ್ತು. ಈ ಕೊರತೆಯನ್ನು ನೀಗಿಸಲು 1908ರಲ್ಲಿ ಕೋಲ್‌ಮನ್‌ರವರನ್ನು ನೇಮಿಸಿಕೊಳ್ಳಲಾಯಿತು. ಶಿಲೀಂಧ್ರ ತಜ್ಞ ಮತ್ತು ಕೀಟ ತಜ್ಞ ಎಂಬ ಎರಡು ಹೊಣೆಗಳೂ ಅವರೊಬ್ಬರಿಗೇ ಸೇರಿದ್ದವು. ಆಗ ಅವರ ವಯಸ್ಸು 30 ವರ್ಷ.

ಅಡಿಕೆಯ ಕೊಳೆರೋಗ

ಮಲೆನಾಡಿನ ಅಡಿಕೆ ಬೆಳೆಗಾರರನ್ನು ಬಹುಕಾಲದಿಂದ ಕಾಡುತ್ತಿದ್ದ ಕೊಳೆರೋಗವು ಕೋಲ್‌ಮನ್‌ರವರು ಕೈಗೆತ್ತಿಕೊಂಡ ಮೊದಲ ಪ್ರಮುಖ ಸಮಸ್ಯೆಗಳಲ್ಲಿ ಒಂದಾಗಿತ್ತು. ಮಳೆಗಾಲದಲ್ಲಿ ಎಳೆಯ ಕಾಯಿಗಳ ತೊಟ್ಟಿನ ಬಳಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆಗಳು ಮೂಡಿ, ಅವು ಕಾಯಿಯನ್ನೆಲ್ಲಾ ಆವರಿಸಿ, ಕಾಯಿಗಳು ಕೊಳೆತು ಉದುರುತ್ತವೆ. ಉದುರಿದ ಕಾಯಿಗಳ ಮೇಲೆ ಬಿಳಿಯ ಬೂಷ್ಟು ಬೆಳೆಯುತ್ತದೆ. ರೋಗವು ಮರದ ಸುಳಿಗೆ ತಗುಲಿದರೆ ಮರವೇ ಸಾಯುತ್ತದೆ. ಒಂದು ಅಡಿಕೆ ಸಸಿಯು ಫಲ ಕೊಡಲು ಹಲವು ವರ್ಷಗಳೇ ಬೇಕಾಗುವುದರಿಂದ, ಫಸಲು ಹೋದರೆ ಒಂದು ವರ್ಷದ ಆದಾಯ ನಷ್ಟವಾದರೆ, ಮರ ಹೋದರೆ ಮುಂದಿನ ಹಲವು ವರ್ಷಗಳ ಆದಾಯವೂ ನಷ್ಟವಾಗುತ್ತಿತ್ತು. ರೋಗ ತೀವ್ರವಾದ ವರ್ಷಗಳಲ್ಲಿ ತೋಟದ ಬಹುಪಾಲು ಫಸಲು ನೆಲದ ಪಾಲಾಗುತ್ತಿತ್ತು.

ಬೆಳೆಗಾರರು ಇದಕ್ಕೆ ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡಿದ್ದರು. ಮಳೆ ಬೀಳುವ ಮುನ್ನ ಹುಲ್ಲು ಅಥವಾ ಹಾಳೆಗಳಿಂದ ಮಾಡಿದ ಕೊಟ್ಟೆಯನ್ನು ಗೊನೆಗಳ ಮೇಲೆ ಕಟ್ಟಿ ನೀರು ಬೀಳದಂತೆ ರಕ್ಷಿಸುತ್ತಿದ್ದರು. ಈ ಪದ್ಧತಿಯಿಂದ ಪ್ರಯೋಜನವಿದ್ದರೂ, ಪ್ರತಿಯೊಂದು ಮರವನ್ನೂ ಹತ್ತಿ ಪ್ರತಿಯೊಂದು ಗೊನೆಗೂ ಕೊಟ್ಟೆ ಕಟ್ಟುವ ಕೆಲಸಕ್ಕೆ ಹೆಚ್ಚಿನ ಆಳುಗಳು, ಸಾಮಗ್ರಿ ಮತ್ತು ಸಮಯ ಬೇಕಾಗುತ್ತಿತ್ತು.

ಕೋಲ್‌ಮನ್‌ರವರು ಮೊದಲು ರೋಗದ ಕಾರಣವನ್ನು ಖಚಿತಪಡಿಸಿಕೊಳ್ಳುವ ಕಾರ್ಯಕ್ಕೆ ತೊಡಗಿದರು. ರೋಗ ತಗುಲಿದ ಕಾಯಿಗಳಲ್ಲಿ ಬೆಳೆದಿದ್ದ ಜೀವಿಯನ್ನು ಅಧ್ಯಯನ ಮಾಡಿ, ಅದು ಫೈಟಾಫ್ತೊರ ಎಂಬ ಗುಂಪಿಗೆ ಸೇರಿದೆ ಎಂದು ನಿರೂಪಿಸಿದರು. ಯುರೋಪಿನಲ್ಲಿ ಆಲೂಗೆಡ್ಡೆ ಬೆಳೆಯನ್ನು ನಾಶಪಡಿಸಿ ಐರ್ಲೆಂಡಿನ ಕ್ಷಾಮಕ್ಕೆ ಕಾರಣವಾದ ಜೀವಿಯೂ ಇದೇ ಗುಂಪಿನದು. ಅಡಿಕೆಯ ಮೇಲಿನ ಈ ರೋಗಕಾರಕವನ್ನು ಕೋಲ್‌ಮನ್‌ರವರು 1910ರಲ್ಲಿ ಪ್ರತ್ಯೇಕ ಬಗೆಯೆಂದು ವಿವರಿಸಿದರು. 1913ರಲ್ಲಿ ಪೆಥಿಬ್ರಿಜ್ ಎಂಬ ವಿಜ್ಞಾನಿ ಅದನ್ನು ಫೈಟಾಫ್ತೊರ ಅರೆಕೆ ಎಂಬ ಸ್ವತಂತ್ರ ಪ್ರಭೇದದ ಸ್ಥಾನಕ್ಕೆ ಏರಿಸಿದರು. ಅಂದು ಶಿಲೀಂಧ್ರವೆಂದೇ ಪರಿಗಣಿಸಲಾಗಿದ್ದ ಈ ಗುಂಪನ್ನು ಇಂದಿನ ವಿಜ್ಞಾನವು ನಿಜವಾದ ಶಿಲೀಂಧ್ರಗಳಿಂದ ಬೇರೆಯಾದ, ನೀರಿನಲ್ಲಿ ಈಜುವ ಬೀಜಾಣುಗಳನ್ನುಳ್ಳ ಜೀವಿಗಳೆಂದು ವರ್ಗೀಕರಿಸಿದೆ. ಮಳೆಗಾಲದಲ್ಲಿಯೇ ಈ ರೋಗ ವೇಗವಾಗಿ ಹರಡಲು ಇದೂ ಒಂದು ಮುಖ್ಯ ಕಾರಣವಾಗಿದೆ.

ಬೋರ್ಡೋ ದ್ರಾವಣ ಮತ್ತು ರಾಳದ ಅಂಟು

ಮೈಲುತುತ್ತು ಮತ್ತು ಸುಣ್ಣವನ್ನು ಬೆರೆಸಿ ತಯಾರಿಸುವ ಬೋರ್ಡೋ ದ್ರಾವಣವು ಫ್ರಾನ್ಸ್ ದೇಶದ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದಿತ್ತು. ಆದರೆ ಫ್ರಾನ್ಸಿನ ಹವೆಗೆ ಒಗ್ಗಿದ ಪರಿಹಾರವು ಮಲೆನಾಡಿನ ಮಳೆಯಲ್ಲಿ ನಿಲ್ಲುವುದು ಕಷ್ಟವಾಗಿತ್ತು. ನುಣುಪಾದ ಅಡಿಕೆ ಕಾಯಿಯ ಮೇಲೆ ಸಿಂಪಡಿಸಿದ ಔಷಧಿಯು ವಾರಗಟ್ಟಲೆ ಸುರಿಯುವ ಮಳೆಗೆ ತೊಳೆದು ಹೋದರೆ ಖರ್ಚು ವ್ಯರ್ಥವಾಗುತ್ತಿತ್ತು. ಕೋಲ್‌ಮನ್‌ರವರು ರಾಳ ಮತ್ತು ಸೋಡಾದಿಂದ ತಯಾರಿಸಿದ ಅಂಟನ್ನು ದ್ರಾವಣಕ್ಕೆ ಸೇರಿಸಿ, ಔಷಧಿಯು ಕಾಯಿಯ ಮೇಲೆ ಹಿಡಿದು ನಿಲ್ಲುವಂತೆ ಮಾಡಿದರು. ಈ ಸುಧಾರಣೆಯಿಂದಾಗಿ ಬೋರ್ಡೋ ದ್ರಾವಣವು ಮಲೆನಾಡಿಗೆ ಉಪಯುಕ್ತವಾಯಿತು.

ಈ ಸಂಶೋಧನೆಯ ವಿವರಗಳನ್ನು ಅವರು 1910ರಲ್ಲಿ ಇಲಾಖೆಯ ಪ್ರಕಟಣೆಯಾಗಿ ಹೊರತಂದರು. ಔಷಧಿಯ ಸಾಮಗ್ರಿಗಳು ಸರಳವಾಗಿದ್ದವು. ಸುಣ್ಣ ಸುಲಭವಾಗಿ ದೊರೆಯುತ್ತಿತ್ತು. ಮೈಲುತುತ್ತನ್ನು ಕೊಂಡು ತರಬೇಕಾಗಿತ್ತು. ದ್ರಾವಣ ತಯಾರಿಸಲು ಯಾವುದೇ ಕಾರ್ಖಾನೆಯ ಅಗತ್ಯವಿರಲಿಲ್ಲ; ತೋಟದಲ್ಲಿಯೇ ಬೆರೆಸಿಕೊಳ್ಳಬಹುದಾಗಿತ್ತು. ಮರ ಹತ್ತಿ ಕೊಟ್ಟೆ ಕಟ್ಟುತ್ತಿದ್ದ ಕುಶಲ ಕೆಲಸಗಾರರೇ ಸಿಂಪಡಣೆಯನ್ನೂ ಮಾಡಬಹುದಾಗಿತ್ತು. ರೈತನ ಖರ್ಚು ಮತ್ತು ಉಳಿಯುವ ಫಸಲಿನ ಬೆಲೆ ಎರಡನ್ನೂ ತೂಗಿ ನೋಡಿದರೆ ಲಾಭ ಕಾಣುವ ಪರಿಹಾರವಾದ್ದರಿಂದಲೇ ಇದು ಕಾಲಕ್ರಮೇಣ ತೋಟದಿಂದ ತೋಟಕ್ಕೆ ಹರಡಿ ಬೆಳೆಗಾರರ ಸ್ವಂತ ಪದ್ಧತಿಯಾಯಿತು.

ಇಂದಿಗೂ ಶೇಕಡ 1ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ ಹಾಗೂ ಸುಮಾರು 40 ರಿಂದ 45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಲು ಶಿಫಾರಸು ಮಾಡಲಾಗುತ್ತದೆ. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿಯೂ ಕರಗಿಸಿ, ಮೈಲುತುತ್ತಿನ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು. ಇದಕ್ಕೆ ಕಬ್ಬಿಣದ ಪಾತ್ರೆಗಳನ್ನು ಬಳಸಬಾರದು. ಹೊಳಪುಳ್ಳ ಚಾಕುವನ್ನು ದ್ರಾವಣದಲ್ಲಿ ಅದ್ದಿದಾಗ ಅದರ ಮೇಲೆ ತಾಮ್ರದ ಕೆಂಪು ಬಣ್ಣ ಕಂಡುಬಂದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣವನ್ನು ಸೇರಿಸಬೇಕು. ಇತ್ತೀಚಿನ ವರ್ಷಗಳಲ್ಲಿ ನೆಲದ ಮೇಲೆ ನಿಂತೇ ಸಿಂಪಡಿಸುವ ಉದ್ದನೆಯ ಫೈಬರ್ ದೋಟಿಗಳು ಬಂದಿದ್ದರೂ, ಸಿಂಪಡಿಸುವ ಔಷಧಿಯ ಮೂಲ ಸ್ವರೂಪ ಬದಲಾಗಿಲ್ಲ.

ಕಾಫಿ ಸಂಶೋಧನೆ: ಕೊಪ್ಪದಿಂದ ಬಾಳೆಹೊನ್ನೂರಿಗೆ

1913ರಲ್ಲಿ ಕೋಲ್‌ಮನ್‌ರವರು ಕೃಷಿ ಇಲಾಖೆಯ ನಿರ್ದೇಶಕರಾದರು. ನಾಲ್ವಡಿ ಕೃಷ್ಣರಾಜ ಒಡೆಯರ್‌ರವರ ಆಳ್ವಿಕೆ ಹಾಗೂ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಈ ಅವಧಿಯಲ್ಲಿ ಸಂಸ್ಥಾನದಲ್ಲಿ ಅನೇಕ ಅಭಿವೃದ್ಧಿ ಕಾರ್ಯಗಳು ಆರಂಭವಾದವು.

ಮಲೆನಾಡಿನ ಇನ್ನೊಂದು ಪ್ರಮುಖ ಬೆಳೆಯಾದ ಕಾಫಿಗೆ 1870ರ ಸುಮಾರಿನಿಂದ ಎಲೆ ತುಕ್ಕು ರೋಗವು ಬಾಧಿಸುತ್ತಿತ್ತು. ನೆರೆಯ ಸಿಲೋನ್‌ನಲ್ಲಿ ಇದೇ ರೋಗದಿಂದಾಗಿ ಕಾಫಿ ಬೆಳೆ ನಾಶವಾಗಿ ಬೆಳೆಗಾರರು ಚಹಾ ಬೆಳೆಗೆ ತಿರುಗಬೇಕಾಯಿತು. ಇದರೊಂದಿಗೆ ಬಿಳಿ ಕಾಂಡಕೊರಕ ಹುಳುವು ಅರೇಬಿಕಾ ಗಿಡಗಳನ್ನು ಒಳಗಿನಿಂದಲೇ ಕೊರೆದು ಒಣಗಿಸುತ್ತಿತ್ತು. ಈ ಸಮಸ್ಯೆಗಳಿಗೆ ಪರಿಹಾರ ಹುಡುಕುವ ಮೊದಲ ಹೆಜ್ಜೆಯಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಕಾಫಿ ಸಂಶೋಧನಾ ಘಟಕವನ್ನು ಸ್ಥಾಪಿಸಲಾಯಿತು. ರೋಗವಿರುವ ಪ್ರದೇಶದಲ್ಲಿಯೇ ಅಧ್ಯಯನ ನಡೆಯಬೇಕೆಂಬ ಉದ್ದೇಶಕ್ಕೆ ಕೊಪ್ಪವು ಸೂಕ್ತ ಸ್ಥಳವಾಗಿತ್ತು. ಅದೇ 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್‌ರವರ ಭೇಟಿಯ ಸ್ಮರಣಾರ್ಥ ನೆರೆಯ ಎಡೇಹಳ್ಳಿಗೆ ನರಸಿಂಹರಾಜಪುರವೆಂಬ ಹೆಸರು ಬಂದಿತು.

ಕಾಫಿ ಗಿಡದ ಎಲೆ ಮತ್ತು ಕಾಯಿಗಳು ಮಳೆಗಾಲದಲ್ಲಿ ಕಪ್ಪಾಗಿ ಕೊಳೆಯುವ ಮತ್ತೊಂದು ರೋಗದ ಬಗ್ಗೆಯೂ ಕೋಲ್‌ಮನ್‌ರವರು ತಮ್ಮ ಸಹೋದ್ಯೋಗಿಗಳಾದ ಎಂ.ಕೆ. ವೆಂಕಟರಾವ್ ಮತ್ತು ಎಂ.ಜೆ. ನರಸಿಂಹನ್‌ರವರೊಂದಿಗೆ ಅಧ್ಯಯನ ನಡೆಸಿ 1923ರಲ್ಲಿ ವರದಿ ಪ್ರಕಟಿಸಿದರು. ಕನ್ನಡದಲ್ಲಿ ಇದಕ್ಕೂ ಕೊಳೆರೋಗವೆಂದೇ ಹೆಸರು. ಆದರೆ ಇದನ್ನು ತರುವ ಶಿಲೀಂಧ್ರ ಬೇರೆ. 1876ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಕುಕ್‌ರವರು ಈ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ನಾಮಕರಣ ಮಾಡಿದ್ದರು. ಹೀಗೆ ಮಲೆನಾಡಿನ ರೈತರ ಬಾಯಿಮಾತಿನ ಕನ್ನಡ ಪದವೊಂದು ಪ್ರಪಂಚದ ಕಾಫಿ ಬೆಳೆಯುವ ದೇಶಗಳ ವಿಜ್ಞಾನ ಗ್ರಂಥಗಳನ್ನು ಸೇರಿದೆ.

ತಾತ್ಕಾಲಿಕ ಘಟಕದಿಂದ ಇಂತಹ ದೀರ್ಘಕಾಲದ ಸಮಸ್ಯೆಗಳಿಗೆ ಪರಿಹಾರ ದೊರೆಯಲಾರದು. ಕಾಫಿ ಗಿಡವು ಬಹುವಾರ್ಷಿಕ ಸಸ್ಯ. ಒಂದು ತಳಿಯ ಗುಣವನ್ನು ತಿಳಿಯಲು ಹಲವು ವರ್ಷಗಳು ಬೇಕು. ಆದ್ದರಿಂದ 1925ರಲ್ಲಿ ಬಾಳೆಹೊನ್ನೂರಿನ ಸಮೀಪ ಶಾಶ್ವತವಾದ ಮೈಸೂರು ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಲಾಯಿತು. ಇದರ ಸ್ಥಾಪನೆಯಲ್ಲಿ ಕೋಲ್‌ಮನ್‌ರವರ ಪಾತ್ರ ಪ್ರಮುಖವಾದುದು.

ಈ ಕೇಂದ್ರದಲ್ಲಿ ಕೆಲಸ ಮಾಡಿದ ಡಬ್ಲ್ಯು. ವಿಲ್ಸನ್ ಮೇನ್ ಎಂಬ ವಿಜ್ಞಾನಿ, ಎಲೆ ತುಕ್ಕು ರೋಗದ ಶಿಲೀಂಧ್ರದಲ್ಲಿ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂಬುದನ್ನು 1932ರಲ್ಲಿ ಪ್ರಕಟಿಸಿದರು. ರೋಗ ನಿರೋಧಕವೆಂದು ನಂಬಿ ನೆಟ್ಟ ಕಾಫಿ ತಳಿಯು ಕೆಲವು ವರ್ಷಗಳ ನಂತರ ಏಕೆ ರೋಗಕ್ಕೆ ತುತ್ತಾಗುತ್ತದೆ ಎಂಬ ಪ್ರಶ್ನೆಗೆ ಇದರಿಂದ ಉತ್ತರ ದೊರೆಯಿತು. 1940ರ ದಶಕದಲ್ಲಿ ಇದೇ ಕೇಂದ್ರದಿಂದ ಎಸ್.795 ಎಂಬ ಅರೇಬಿಕಾ ತಳಿಯು ಬಿಡುಗಡೆಯಾಗಿ ಭಾರತದ ಬೆಳೆಗಾರರ ಅಚ್ಚುಮೆಚ್ಚಿನ ತಳಿಯಾಯಿತು. 1944ರಲ್ಲಿ ಕೇಂದ್ರವು ಕಾಫಿ ಮಂಡಳಿಯ ಆಡಳಿತಕ್ಕೆ ಸೇರಿತು. ಈಗ ಇದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಎಂಬ ಹೆಸರಿನಿಂದ ಕಾರ್ಯನಿರ್ವಹಿಸುತ್ತಿದ್ದು, 2025ಕ್ಕೆ ಅದರ ಸ್ಥಾಪನೆಯಾಗಿ ನೂರು ವರ್ಷಗಳು ಸಂದಿವೆ.

ಶ್ರೀಗಂಧದ ಸ್ಪೈಕ್ ರೋಗ

ಮೈಸೂರು ಸಂಸ್ಥಾನಕ್ಕೆ ಶ್ರೀಗಂಧವು ಮುಖ್ಯ ಆದಾಯದ ಮೂಲವಾಗಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗವು ಮೈಸೂರಿನ ಗಂಧದ ಮರಗಳಿಗೂ ಹರಡಿತು. ರೋಗ ತಗುಲಿದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಾ, ರೆಂಬೆಗಳ ಮೇಲೆ ಒತ್ತಾಗಿ ನೆಟ್ಟಗೆ ನಿಂತು, ಕೆಲವೇ ವರ್ಷಗಳಲ್ಲಿ ಮರ ಒಣಗಿ ಸಾಯುತ್ತಿತ್ತು. ಬೆಂಕಿ, ಬರ, ಮಣ್ಣಿನ ದೋಷ ಹೀಗೆ ಅನೇಕ ಕಾರಣಗಳನ್ನು ಅಂದಿನ ತಜ್ಞರು ಊಹಿಸಿದ್ದರು.

ಕೋಲ್‌ಮನ್‌ರವರು ರೋಗವಿರುವ ಮರದ ಕುಡಿಯನ್ನು ಆರೋಗ್ಯವಂತ ಗಿಡಕ್ಕೆ ಕಸಿ ಮಾಡಿ ನೋಡಿದರು. ಆರೋಗ್ಯವಂತ ಗಿಡಕ್ಕೂ ರೋಗ ಬಂದಿತು. ಇದರಿಂದ ಸ್ಪೈಕ್ ಒಂದು ಅಂಟುರೋಗವೆಂಬುದು ಖಚಿತವಾಯಿತು. ಈ ಫಲಿತಾಂಶವನ್ನು ಅವರು 1917ರಲ್ಲಿ ಪ್ರಕಟಿಸಿದರು. ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮರುವರ್ಷವಾದ್ದರಿಂದ ಇದರ ಮಹತ್ವ ಸಂಸ್ಥಾನಕ್ಕೆ ಇನ್ನೂ ಹೆಚ್ಚಿನದಾಗಿತ್ತು. ರೋಗವನ್ನು ಉಂಟುಮಾಡುವ ಸೂಕ್ಷ್ಮಜೀವಿಯನ್ನು ಕಣ್ಣಾರೆ ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರಬೇಕಾಯಿತು. 1969ರಲ್ಲಿ ಪತ್ತೆಯಾದ ಈ ಜೀವಿಯನ್ನು ಈಗ ಫೈಟೊಪ್ಲಾಸ್ಮ ಎಂದು ಕರೆಯಲಾಗುತ್ತದೆ. ಆದರೆ ರೋಗ ಅಂಟುತ್ತದೆ ಎಂಬ ಮೂಲ ಸಂಗತಿಯು ಅದಕ್ಕೆ ಅರ್ಧ ಶತಮಾನದ ಮೊದಲೇ ಸರಳವಾದ ಕಸಿಯ ಪ್ರಯೋಗದಿಂದ ಸಿದ್ಧವಾಗಿತ್ತು.

ಕೀಟಗಳು, ರಾಗಿ ಮತ್ತು ಕಬ್ಬು

ಮಲೆನಾಡಿನ ಸಮಸ್ಯೆಗಳಿಗಷ್ಟೇ ಕೋಲ್‌ಮನ್‌ರವರ ಕೆಲಸ ಸೀಮಿತವಾಗಿರಲಿಲ್ಲ. ಬಯಲುಸೀಮೆಯ ಜೋಳದ ಬೆಳೆಯನ್ನು ತಿನ್ನುವ, ರೆಕ್ಕೆಗಳಿಲ್ಲದ ಮಿಡತೆಯ ಜೀವನಕ್ರಮವನ್ನು ಅವರು ಅಧ್ಯಯನ ಮಾಡಿ 1911ರಲ್ಲಿ ವರದಿ ಪ್ರಕಟಿಸಿದರು. ಈ ಮಿಡತೆಯ ಕುಲಕ್ಕೆ ಸ್ಪೇನ್ ದೇಶದ ಕೀಟಶಾಸ್ತ್ರಜ್ಞ ಬೊಲಿವಾರ್‌ರವರು 1910ರಲ್ಲಿ ಕೋಲ್‌ಮನ್‌ರವರ ಗೌರವಾರ್ಥ ಕೋಲ್‌ಮೇನಿಯ ಎಂಬ ಹೆಸರನ್ನು ನೀಡಿದ್ದರು. ಭತ್ತದ ಮಿಡತೆಯ ಬಗ್ಗೆಯೂ ಅವರು ಅಧ್ಯಯನ ನಡೆಸಿದರು. ಅವರೊಂದಿಗೆ ಕೆಲಸ ಮಾಡಿದ ಡಾ|| ಕೆ. ಕುಂಞಿಕಣ್ಣನ್‌ರವರು ಮುಂದೆ ಮೈಸೂರು ಸಂಸ್ಥಾನದ ಪ್ರಥಮ ಭಾರತೀಯ ಕೀಟ ತಜ್ಞರಾದರು.

ಸಂಸ್ಥಾನದ ಬಡವರ ಆಹಾರವಾದ ರಾಗಿಯ ತಳಿ ಸುಧಾರಣೆಯು 1913ರಲ್ಲಿ ಕೋಲ್‌ಮನ್‌ರವರ ಮಾರ್ಗದರ್ಶನದಲ್ಲಿ ಆರಂಭವಾಯಿತು. ಇದರ ಫಲವಾಗಿ 1918ರಲ್ಲಿ ಎಚ್.22 ಎಂಬ ಸುಧಾರಿತ ತಳಿ ಬಿಡುಗಡೆಯಾಯಿತು. ಕೃಷ್ಣರಾಜಸಾಗರದ ನೀರು ನಾಲೆಯ ಮೂಲಕ ಮಂಡ್ಯ ಪ್ರದೇಶಕ್ಕೆ ಹರಿಯಲಾರಂಭಿಸಿದಾಗ, ಹೊಸ ನೀರಾವರಿಗೆ ತಕ್ಕ ಬೆಳೆಗಳನ್ನು ಪರೀಕ್ಷಿಸಲು ಮಂಡ್ಯದ ಬಳಿ ಪ್ರಯೋಗ ಕ್ಷೇತ್ರವನ್ನು ಆರಂಭಿಸಲಾಯಿತು. ಇದೇ ಇಂದಿನ ವಿ.ಸಿ. ಫಾರಂ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ ಹಿಂದೆಯೂ ಕೋಲ್‌ಮನ್‌ರವರ ಪ್ರಯತ್ನವಿತ್ತು. ವಿ.ಸಿ. ಫಾರಂನಲ್ಲಿಯೇ ಮುಂದೆ ರಾಗಿ ಲಕ್ಷ್ಮಣಯ್ಯನವರೆಂದು ಹೆಸರಾದ ವಿಜ್ಞಾನಿಯು ಆಫ್ರಿಕಾದ ಮತ್ತು ಭಾರತದ ರಾಗಿ ತಳಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ನೀಡಿದರು.

ಶಿಕ್ಷಣ ಮತ್ತು ಸಂಸ್ಥೆಗಳು

ಸಂಶೋಧನೆಯ ಫಲವು ಪ್ರಯೋಗಾಲಯದಿಂದ ಹೊಲಕ್ಕೆ ತಲುಪಬೇಕಾದರೆ ಅದನ್ನು ಬಲ್ಲ ಸ್ಥಳೀಯರು ಬೇಕೆಂಬುದನ್ನು ಕೋಲ್‌ಮನ್‌ರವರು ಅರಿತಿದ್ದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆಯು ಆರಂಭವಾಯಿತು. ರೈತರು ಮತ್ತು ಅಧಿಕಾರಿಗಳು ಒಟ್ಟಾಗಿ ತಮ್ಮ ಜಮೀನುಗಳಲ್ಲಿ ಪ್ರಯೋಗ ನಡೆಸಿ ಅನುಭವ ಹಂಚಿಕೊಳ್ಳಲು ಮೈಸೂರು ವ್ಯವಸಾಯ ಮತ್ತು ಪ್ರಯೋಗ ಸಂಘವನ್ನು ಸ್ಥಾಪಿಸಲಾಯಿತು. ಹೆಬ್ಬಾಳದ ಶಾಲೆಯು 1946ರಲ್ಲಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ತಳಹದಿಯಾಯಿತು.

ಈ ಎಲ್ಲಾ ಕಾರ್ಯಗಳನ್ನು ಒಂದೇ ಇಲಾಖೆಯು ಸೀಮಿತ ಸಿಬ್ಬಂದಿಯಿಂದ ನಡೆಸಿತೆಂಬುದು ಗಮನಾರ್ಹ. ಪ್ರತಿಯೊಂದು ವಿಷಯಕ್ಕೂ ಪ್ರತ್ಯೇಕ ಸಂಸ್ಥೆ ಕಟ್ಟುವ ಶಕ್ತಿ ಸಂಸ್ಥಾನಕ್ಕೆ ಇರಲಿಲ್ಲ. ಆದ್ದರಿಂದ ಯಾವ ಸಮಸ್ಯೆಯಿಂದ ರೈತರಿಗೆ ಹಾಗೂ ರಾಜ್ಯದ ಬೊಕ್ಕಸಕ್ಕೆ ಹೆಚ್ಚು ನಷ್ಟವಾಗುತ್ತಿತ್ತೋ ಅದನ್ನು ಮೊದಲು ಕೈಗೆತ್ತಿಕೊಂಡು, ಕಾರಣವನ್ನು ಖಚಿತಪಡಿಸಿಕೊಂಡು, ಸಾಧ್ಯವಾದ ಕಡೆ ಬೆಳೆಗಾರನ ಕೈಗೆಟುಕುವ ಪರಿಹಾರವನ್ನು ರೂಪಿಸುವ ಕ್ರಮವನ್ನು ಅನುಸರಿಸಲಾಯಿತು. ಅಡಿಕೆ, ಗಂಧ, ಜೋಳ, ರಾಗಿ ಹೀಗೆ ಬೆಳೆಗಳು ಬೇರೆ ಬೇರೆಯಾದರೂ ಕ್ರಮ ಒಂದೇ ಆಗಿತ್ತು.

ನಿವೃತ್ತಿ ಮತ್ತು ಅಂತಿಮ ದಿನಗಳು

ಕೋಲ್‌ಮನ್‌ರವರು 1934ರಲ್ಲಿ ಮೈಸೂರು ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಹಿಂತಿರುಗಿದರು. ಅವರ ಸೇವೆಯನ್ನು ಗುರುತಿಸಿ ಬ್ರಿಟಿಷ್ ಸರ್ಕಾರವು ಸಿ.ಐ.ಇ. ಗೌರವವನ್ನು ನೀಡಿತ್ತು. ನಿವೃತ್ತಿಯ ನಂತರವೂ ಅವರು ಸಂಶೋಧನೆಯನ್ನು ಮುಂದುವರಿಸಿ, ಸಸ್ಯಗಳ ಜೀವಕೋಶ ಮತ್ತು ವರ್ಣತಂತುಗಳ ಬಗ್ಗೆ ಅಧ್ಯಯನ ಮಾಡಿದರು. 1954ರಲ್ಲಿ ಕೆನಡಾದಲ್ಲಿ ನಿಧನರಾದರು. ಆಗ ಅವರಿಗೆ 76 ವರ್ಷ ವಯಸ್ಸಾಗಿತ್ತು.

ಇಂದಿನ ಪ್ರಸ್ತುತತೆ

ಕೋಲ್‌ಮನ್‌ರವರು ತೋರಿಸಿದ ಮಾರ್ಗದಿಂದ ಮಲೆನಾಡಿನ ಎಲ್ಲಾ ಸಮಸ್ಯೆಗಳೂ ಬಗೆಹರಿದಿವೆ ಎಂದು ಭಾವಿಸುವಂತಿಲ್ಲ. ಮಳೆ ಬಿಡುವು ಕೊಡದ ವರ್ಷಗಳಲ್ಲಿ ಎರಡನೇ ಸಿಂಪಡಣೆಯನ್ನು ಸಕಾಲದಲ್ಲಿ ಮಾಡಲಾಗದೆ ಕೊಳೆರೋಗವು ಈಗಲೂ ನಷ್ಟವನ್ನು ಉಂಟುಮಾಡುತ್ತಿದೆ. ಮರ ಹತ್ತುವ ಕುಶಲ ಕೆಲಸಗಾರರ ಕೊರತೆಯೂ ಇದೆ.

ಇದಕ್ಕಿಂತ ಗಂಭೀರವಾದುದು ಅಡಿಕೆಯ ಹಳದಿ ಎಲೆ ರೋಗ. ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಅನೇಕ ತೋಟಗಳು ಈ ರೋಗದಿಂದ ಇಳುವರಿ ಕಳೆದುಕೊಂಡಿವೆ. ತಲೆಮಾರುಗಳಿಂದ ಅಡಿಕೆಯನ್ನೇ ನಂಬಿದ್ದ ಕುಟುಂಬಗಳು ಬೇರೆ ಬೆಳೆಗಳತ್ತ ನೋಡಬೇಕಾದ ಪರಿಸ್ಥಿತಿ ಉಂಟಾಗಿದೆ. ಈ ರೋಗಕ್ಕೆ ಕಾರಣವಾದುದು ಶ್ರೀಗಂಧದ ಸ್ಪೈಕ್ ರೋಗವನ್ನು ತರುವ ಜೀವಿಯ ಗುಂಪಿಗೇ ಸೇರಿದ ಫೈಟೊಪ್ಲಾಸ್ಮ. ಇದು ಮರದ ಒಳಗಿನ ಆಹಾರನಾಳಗಳಲ್ಲಿ ವಾಸಿಸುವುದರಿಂದ ಹೊರಗಿನಿಂದ ಸಿಂಪಡಿಸುವ ಬೋರ್ಡೋ ದ್ರಾವಣವು ಇದರ ಮೇಲೆ ಪರಿಣಾಮ ಬೀರುವುದಿಲ್ಲ. ರೋಗವನ್ನು ಗುಣಪಡಿಸುವ ಔಷಧಿ ಇದುವರೆಗೆ ದೊರೆತಿಲ್ಲ. ಸಮತೋಲನ ಗೊಬ್ಬರ, ಬಸಿಗಾಲುವೆಗಳ ನಿರ್ವಹಣೆ ಹಾಗೂ ರೋಗಪೀಡಿತ ತೋಟಗಳಲ್ಲಿಯೂ ಆರೋಗ್ಯವಾಗಿ ಉಳಿದಿರುವ ಮರಗಳಿಂದ ಹೊಸ ಸಸಿಗಳನ್ನು ಬೆಳೆಸುವ ಪ್ರಯತ್ನಗಳು ಸದ್ಯದ ಮಾರ್ಗಗಳಾಗಿವೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಮಲೆನಾಡಿನ ತೋಟಗಳಲ್ಲಿ ವ್ಯಾಪಕವಾಗಿ ಕಾಣಿಸಿಕೊಂಡಿದೆ.

ಈ ಹಿನ್ನೆಲೆಯಲ್ಲಿ ಆರೋಗ್ಯವಾಗಿ ಉಳಿದ ಒಂದು ಅಡಿಕೆ ಮರವನ್ನು ಗುರುತಿಸಿ ವಿಜ್ಞಾನಿಗಳ ಗಮನಕ್ಕೆ ತರುವ ಬೆಳೆಗಾರನೂ ಸಂಶೋಧನೆಯಲ್ಲಿ ಪಾಲುದಾರನೇ ಆಗುತ್ತಾನೆ. ತೋಟದಲ್ಲಿ ಹೊಸ ರೋಗಲಕ್ಷಣಗಳು ಕಂಡುಬಂದಲ್ಲಿ ಊಹೆಯ ಮೇಲೆ ಔಷಧಿಗಳಿಗೆ ಹಣ ವೆಚ್ಚ ಮಾಡದೆ, ಮೊದಲು ಕಾರಣವನ್ನು ತಿಳಿಯಲು ತಾಲ್ಲೂಕಿನ ತೋಟಗಾರಿಕೆ ಅಧಿಕಾರಿಗಳನ್ನು ಅಥವಾ ಹತ್ತಿರದ ಸಂಶೋಧನಾ ಕೇಂದ್ರವನ್ನು ಸಂಪರ್ಕಿಸುವುದು ಸೂಕ್ತ. ಕಾರಣ ತಿಳಿಯದೆ ಪರಿಹಾರವಿಲ್ಲ ಎಂಬುದೇ ಡಾ|| ಕೋಲ್‌ಮನ್‌ರವರ ಕೊಳೆರೋಗ ಮತ್ತು ಸ್ಪೈಕ್ ರೋಗದ ಅಧ್ಯಯನಗಳಿಂದ ಮಲೆನಾಡಿಗೆ ದೊರೆತ ಪಾಠ. ಹಳದಿ ಎಲೆ ರೋಗದ ವಿಷಯದಲ್ಲಿ ಕಾರಣ ತಿಳಿದಿದೆ. ಬೆಳೆಗಾರನ ಕೈಗೆಟುಕುವ ಪರಿಹಾರವನ್ನು ಕಂಡುಕೊಳ್ಳುವ ಕೆಲಸ ಇನ್ನೂ ಬಾಕಿ ಇದೆ.